ನಲವತ್ತೊಂದು ಸಲ ‘ಮನೆಯವರೊಬ್ಬರು’

“ಸೊನ್ನೆ ಅಂದ್ರೆ ಪೂರ್ತಿ ಸೊನ್ನೇನಾ?”

“ಸೊನ್ನೇಲಿ ಅರ್ಧ ಸೊನ್ನೆ, ಕಾಲು ಸೊನ್ನೆ ಅಂತ ಇರುತ್ತಾ ಯಜಮಾನ್ರೇ? ನೋಡಿ, ನೀವೇ ನೋಡಿ.”

ಪ್ರೆಸ್ಸಿನ ಯಜಮಾನರು ಹಣೆಯ ಮೇಲಿದ್ದ ಕನ್ನಡಕವನ್ನು ಮೂಗಿಗೆ ಇಳಿಸಿ, ಸೂಚಿಯಕ್ಕನ ಹೆಗಲ ಹಿಂದಿನಿಂದ ಬಗ್ಗಿ ನೋಡಿದರು. ಕಪ್ಪು ಸ್ಕ್ರೀನು. ಅದರ ತಳದಲ್ಲಿ ಒಂದೇ ಸಾಲು: ‘ತಂಗಿ’ ಸಿಗಲಿಲ್ಲ.

“ಆರುನೂರ ನಲವತ್ತು ಪುಟದ ಆತ್ಮಕಥೆ. ಬರ್ದೋಳು ನನ್ನ ಒಡಹುಟ್ಟಿದ ಅಕ್ಕ. ಅದ್ರಲ್ಲಿ ತಂಗಿ ಅನ್ನೋ ಎರಡಕ್ಷರ ಒಂದ್ಸಲಾನೂ ಇಲ್ಲ.”

“ಹುಡುಕಿದ್ದರಲ್ಲೇ ಏನಾದ್ರೂ ಎಡವಟ್ಟು ಆಗಿರ್ಬೇಕು ಬಿಡಿ.”

ಇದು ಅಂಬಿಗನನ್ನು ಹಿಡಿದು ನಿನಗೆ ಈಜು ಬರುತ್ತಾ ಎಂದು ಕೇಳಿದ ಹಾಗಾಯಿತು. ಸೂಚಿಯಕ್ಕ ಕುರ್ಚಿಯನ್ನೇ ತಿರುಗಿಸಿ ಅವರನ್ನು ಹೇಗೆ ನೋಡಿದಳೆಂದರೆ, ಅವರು ಕನ್ನಡಕವನ್ನು ಮತ್ತೆ ಹಣೆಗೇರಿಸಿ, “ನಾನು ಕೆಳಗಿರ್ತೀನಿ, ಮಷೀನ್ ಹತ್ರ” ಎಂದು ಮೆಟ್ಟಿಲಿಳಿದು ಹೋದರು.

ಅವಳಿಗೆ ಆ ಹೆಸರು ಬಂದದ್ದೇ ಹುಡುಕುವುದರಿಂದ. ದಪ್ಪ ಪುಸ್ತಕಗಳ ಕೊನೆಯಲ್ಲಿ ಯಾವ ಮನುಷ್ಯ, ಯಾವ ಊರು, ಯಾವ ವಿಷಯ ಯಾವ ಪುಟದಲ್ಲಿದೆ ಎಂದು ಅಕಾರಾದಿಯಾಗಿ ಒಂದು ಪಟ್ಟಿ ಇರುತ್ತದಲ್ಲ, ಯಾರೂ ಓದದ, ಆದರೆ ಬೇಕಾದಾಗ ಇಲ್ಲದಿದ್ದರೆ ಎಲ್ಲರೂ ಬೈಯುವ ಪಟ್ಟಿ, ಆ ಸೂಚಿಯನ್ನು ಮೂವತ್ತೊಂದು ವರ್ಷದಿಂದ ಮಾಡುತ್ತಾ ಬಂದವಳು ಅವಳು. ಪ್ರೆಸ್ಸಿನ ಮೇಲಿನ ಕೋಣೆ, ಕಿಟಕಿಯ ಪಕ್ಕ ಒಂದು ಮೇಜು, ಕೆಳಗಿನ ಮಷೀನು ಶುರುವಾದರೆ ಗಡಗಡ ಅನ್ನುವ ನೆಲ, ಕಾಲಿಗೊಂದು ಹಳೆ ದಿಂಬು. ಸಂಸಾರ ಅಂತ ಕಟ್ಟಿಕೊಳ್ಳಲಿಲ್ಲ. ಯಾಕೆ ಎಂದು ಕೇಳಿದವರಿಗೆ, “ಹುಡುಕೋದೇ ನನ್ ಕೆಲ್ಸ, ಆದ್ರೂ ಸಿಗ್ಲಿಲ್ಲ ನೋಡಿ” ಎಂದು ನಕ್ಕು ಮಾತು ಮುಗಿಸುತ್ತಿದ್ದಳು.

ಮೊದಮೊದಲು ಎಲ್ಲಾ ಚೀಟಿಗಳಲ್ಲೇ. ಸಾವಿರಾರು ಚೀಟಿ, ಸಾವಿರಾರು ರಬ್ಬರ್ ಬ್ಯಾಂಡ್. ಆಮೇಲೆ ಪ್ರೆಸ್ಸಿಗೆ ಒಂದು ಕಂಪ್ಯೂಟರು ಬಂತು. ಅದನ್ನು ರಿಪೇರಿ ಮಾಡಲು ಬಂದವನು ಅದರೊಳಗೆ ಎಡಿಟರ್ ಅಂತ, ಬರೆದದ್ದನ್ನು ತಿದ್ದುವ ಒಂದು ಪ್ರೋಗ್ರಾಂ ಹಾಕಿಟ್ಟು ಹೋದ. ನೋಡಲು ಏನೂ ಇಲ್ಲ. ಬಣ್ಣವಿಲ್ಲ, ಚಿತ್ರವಿಲ್ಲ, ಒತ್ತಲು ಒಂದು ಬಟನ್ ಕೂಡ ಇಲ್ಲ. ಆದರೆ ನಿಮಗೆ ಬೇಕಾದ ಕಮಾಂಡನ್ನು ನೀವೇ ಬರೆದು ಅದಕ್ಕೆ ಕಲಿಸಬಹುದು! ಒಮ್ಮೆ ಕಲಿಸಿದರೆ ಸಾಯುವವರೆಗೂ ಮರೆಯುವುದಿಲ್ಲ. ಸೂಚಿಯಕ್ಕನಿಗೆ ಹುಚ್ಚು ಹಿಡಿದದ್ದೇ ಅಲ್ಲಿಂದ. ಒಂದು ಪದ ಹುಡುಕುವುದು ಯಾರಿಗೂ ಬರುತ್ತದೆ. ಇವಳು ಕಲಿತದ್ದು ಪದದ ಅಚ್ಚನ್ನು ಹುಡುಕುವುದು. ಒಂದು ಚುಕ್ಕಿ ಇಟ್ಟರೆ ಅಲ್ಲಿ ಯಾವ ಅಕ್ಷರ ಇದ್ದರೂ ಸರಿ. ಪಕ್ಕದಲ್ಲಿ ನಕ್ಷತ್ರ ಇಟ್ಟರೆ ಎಷ್ಟಿದ್ದರೂ ಸರಿ. ನಡುವೆ ಒಂದು ಗೀಟು ಎಳೆದರೆ ಇದಾದರೂ ಸರಿ, ಅದಾದರೂ ಸರಿ. ಒಬ್ಬನೇ ಮನುಷ್ಯನನ್ನು ಪುಸ್ತಕ ಬರೆದವರು ಒಂದು ಕಡೆ ‘ಹಿರಿಯ ವಕೀಲರು’ ಅನ್ನುತ್ತಾರೆ, ಇನ್ನೊಂದು ಕಡೆ ‘ನನ್ನ ಗುರು’, ಸಿಟ್ಟು ಬಂದ ಕಡೆ ‘ಆ ಮುದುಕ’. ಮೂರನ್ನೂ ಗೀಟು ಹಾಕಿ ಜೋಡಿಸಿದರೆ ಮುಗಿಯಿತು, ಆಸಾಮಿ ಯಾವ ವೇಷದಲ್ಲಿದ್ದರೂ ಸಿಕ್ಕಿಬೀಳುತ್ತಾನೆ.

ಆ ನಕ್ಷತ್ರವೋ, ಬಕಾಸುರ. ಒಮ್ಮೆ ಒಂದು ಪುಸ್ತಕದಲ್ಲಿ ಕಂಸದೊಳಗಿನ ಟಿಪ್ಪಣಿಗಳನ್ನೆಲ್ಲ ಅಳಿಸಬೇಕಿತ್ತು. ತೆರೆಯುವ ಕಂಸ, ಚುಕ್ಕಿ, ನಕ್ಷತ್ರ, ಮುಚ್ಚುವ ಕಂಸ ಎಂದು ಕೊಟ್ಟಳು. ಅದು ಸಾಲಿನ ಮೊದಲ ಕಂಸದಿಂದ ಹಿಡಿದು ಕೊನೆಯ ಕಂಸದವರೆಗೆ ನಡುವಿನದೆಲ್ಲವನ್ನೂ ಗುಳುಂ ಮಾಡಿತು. ಆ ಫೈಲಿನಲ್ಲಿ ಒಂದೊಂದು ಪ್ಯಾರಾವೂ ಒಂದೇ ಉದ್ದ ಸಾಲು. ಅಧ್ಯಾಯಕ್ಕೆ ಅಧ್ಯಾಯವೇ ಬೋಳು! “ಅರ್ಧ ಪುಸ್ತಕ ತಿಂದು ತೇಗಿದ್ಯಲ್ಲೋ ಪಾಪಿ” ಎಂದು ಸ್ಕ್ರೀನಿಗೆ ಬೈದು, ನಕ್ಷತ್ರದ ಪಕ್ಕ ಒಂದು ಪ್ರಶ್ನೆ ಚಿಹ್ನೆ ಇಟ್ಟರೆ ಅದಕ್ಕೆ ಮೂಗುದಾರ ಹಾಕಿದಂತೆ ಎನ್ನುವುದನ್ನು ಅವಳು ಕಲಿತದ್ದು ಆ ದಿನವೇ.

ಇಷ್ಟೆಲ್ಲ ಕಲಿತವಳು ಓದಿದ್ದು ಒಂಬತ್ತನೇ ಕ್ಲಾಸು.

ಅಕ್ಕನಿಗೆ ಇಪ್ಪತ್ತೆರಡು, ಇವಳಿಗೆ ಹದಿನೈದು. ಅಕ್ಕ ಕಾನೂನು ಓದುತ್ತಿದ್ದಳು, ಕೊನೆಯ ವರ್ಷ. ಬಸ್ಸಿನ ಗಾಜು ಒಡೆದು ಚೂರುಗಳು ಎರಡೂ ಕಣ್ಣಿಗೆ ಬಿದ್ದವು. ಒಂದೂವರೆ ವರ್ಷ ಕಣ್ಣಿಗೆ ಪಟ್ಟಿ, ಆಪರೇಷನ್ನು, ಮತ್ತೆ ಪಟ್ಟಿ. ಅಪ್ಪ ಇರಲಿಲ್ಲ. ಹೊಲಿಗೆ ಮಷೀನಿನ ಮುಂದಿಂದ ತಲೆ ಎತ್ತದೆಯೇ ಅಮ್ಮ ತೀರ್ಮಾನ ಮಾಡಿದಳು: “ಒಂದು ವರ್ಷ ತಾನೇ. ಪುಟ್ಟಿ ಓದಿ ಹೇಳ್ಲಿ. ಆಮೇಲೆ ಶಾಲೆಗೆ ಹೋಗ್ತಾಳೆ.” ಆ ‘ಆಮೇಲೆ’ ಇನ್ನೂ ಬಂದಿಲ್ಲ.

ಪುಟ್ಟಿ ಓದಿದಳು. ಅರ್ಥವಾಗದ ಕಾನೂನನ್ನು ಗಂಟಲು ಕಟ್ಟುವವರೆಗೆ ಓದಿದಳು. ಅಕ್ಕ ನಡುವೆ ತಡೆದು, “ಇದಕ್ಕೆ ವಿರುದ್ಧವಾದ ತೀರ್ಪು ಮೊದ್ಲೇ ಓದಿದ್ದೆ, ಎಲ್ಲಿ?” ಎಂದರೆ, “ಇನ್ನೂರ ಹತ್ತು, ಎಡಗಡೆ ಪುಟ, ಕೆಳಗಡೆ” ಎನ್ನುವಷ್ಟು. ತಿಳಿಯದಿದ್ದರೂ ಎಲ್ಲಿದೆ ಎನ್ನುವುದು ತಿಳಿಯುತ್ತಿತ್ತು. ಪರೀಕ್ಷೆಯಲ್ಲಿ ಅಕ್ಕ ಹೇಳಿದ್ದನ್ನು ಬರೆಯಲು ಒಬ್ಬರು ಬೇಕಾಯಿತು. ಬರೆಯುವವರು ಪರೀಕ್ಷೆ ಕಟ್ಟಿದವರಿಗಿಂತ ಕಡಿಮೆ ಓದಿರಬೇಕು ಎನ್ನುವುದು ನಿಯಮ. ಶಾಲೆ ಬಿಟ್ಟವಳಿಗಿಂತ ಅರ್ಹರು ಯಾರಿದ್ದಾರೆ! ಹಾಗೆ ಇವಳ ಶಾಲೆ ಹೋದದ್ದೂ ಅಕ್ಕನ ಉಪಯೋಗಕ್ಕೇ ಬಂತು.

ಮೂರನೇ ದಿನ, ಐದನೇ ಪ್ರಶ್ನೆ. ಅಕ್ಕ, “ನೆನಪಾಗ್ತಿಲ್ಲ, ಬಿಟ್ಬಿಡು” ಎಂದು ಪಿಸುಗುಟ್ಟಿದಳು. ಪುಟ್ಟಿಗೆ ನೆನಪಿತ್ತು. ಮೂರು ಪುಟ, ಸಾಲುಸಾಲಾಗಿ. ಬರೆದಳು. ಮನೆಗೆ ಬಂದ ಮೇಲೆ ಅವಳು ಹೇಳಲಿಲ್ಲ, ಅಕ್ಕ ಕೇಳಲಿಲ್ಲ. ಅಕ್ಕ ಪಾಸಾದಳು. ಗಡಿ ದಾಟಲು ಎಷ್ಟು ಬೇಕೋ ಅಷ್ಟೇ ಅಂಕ. ಕಣ್ಣು ಬಂತು, ಕೋಟು ಬಂತು, ಜಡ್ಜ್ ಕುರ್ಚಿ ಬಂತು. ಊರಿಗೆಲ್ಲ ಜಡ್ಜಮ್ಮ ಆದಳು. ನಲವತ್ತನಾಲ್ಕು ವರ್ಷ ಆ ಐದನೇ ಪ್ರಶ್ನೆ ಇಬ್ಬರ ನಡುವೆ ಬಾಯಿ ಮುಚ್ಚಿಕೊಂಡು ಕೂತಿತ್ತು.

ಈಗ ಜಡ್ಜಮ್ಮನ ಆತ್ಮಕಥೆ ಇದೇ ಪ್ರೆಸ್ಸಿಗೆ ಬಂದಿದೆ, ಸೂಚಿ ಮಾಡುವ ಕೆಲಸ ತಂಗಿಗೇ ಬಂದಿದೆ. ಸೂಚಿಯಕ್ಕ ಒಳಗೊಳಗೇ ಹಿಗ್ಗಿದ್ದಳು. ಇಷ್ಟು ವರ್ಷ ಬೇರೆಯವರ ಹೆಸರಿನ ಮುಂದೆ ಪುಟಸಂಖ್ಯೆ ಹಾಕಿದ್ದಾಯಿತು. ಒಂದೇ ಒಂದು ಸಲ ತನ್ನ ಹೆಸರಿನ ಮುಂದೆ. ಹೆಸರು ಬೇಡ, ‘ನನ್ನ ತಂಗಿ’ ಅಂತಿದ್ದರೂ ಸಾಕು. ಮುಂದೆ ಒಂದು ಪುಟಸಂಖ್ಯೆ. ಅಷ್ಟೇ ಆಸೆ. ಅದನ್ನು ಕೊನೆಗೆ ಇಟ್ಟುಕೊಂಡು, ಮಿಕ್ಕ ಮುನ್ನೂರು ಜನರನ್ನು ಹುಡುಕಿ ಮುಗಿಸಿ, ಇವತ್ತು ಬೆಳಿಗ್ಗೆ ‘ತಂಗಿ’ ಎಂದು ಕೊಟ್ಟರೆ ಸೊನ್ನೆ.

ಗೀಟು ಹಾಕಿ ಜೋಡಿಸಿದಳು: ತಂಗಿ, ಪುಟ್ಟಿ, ಚಿಕ್ಕವಳು, ಒಡಹುಟ್ಟಿದವಳು. ಸೊನ್ನೆ. ‘ಓದಿ’, ‘ಓದು’, ‘ಕೈಹಿಡಿ’ ಎಂದು ಗೀಟು ಹಾಕಿ ಕೊಟ್ಟು, ಅವುಗಳ ಅತ್ತಿತ್ತ ಎರಡೆರಡು ಸಾಲು ತೋರಿಸು ಎಂದಳು. ಆಗ ಬಂತು.

ಹನ್ನೆರಡನೇ ಪುಟ: ‘ಪಕ್ಕದಲ್ಲಿ ಕೂತವರು ಓದಿ ಹೇಳುತ್ತಿದ್ದರು.’ ಹತ್ತೊಂಬತ್ತು: ‘ಒಂದು ದನಿ ಓದುತ್ತಿತ್ತು.’ ಮೂವತ್ತು: ‘ಯಾರೋ ಕೈಹಿಡಿದು ಆಸ್ಪತ್ರೆಗೆ ಕರೆದೊಯ್ದರು.’ ಹೀಗೆ ಐವತ್ತೆಂಟನೇ ಪುಟದವರೆಗೆ ಏಳು ಕಡೆ, ಏಳು ಬಗೆ. ಅಲ್ಲಿಂದ ಮುಂದೆ ಎಲ್ಲ ಕಡೆ ಒಂದೇ: ಮನೆಯವರೊಬ್ಬರು. ಮನೆಯವರೊಬ್ಬರು ಓದಿದರು, ಮನೆಯವರೊಬ್ಬರು ಬರೆದರು, ಮನೆಯವರೊಬ್ಬರು ಜಡೆ ಹೆಣೆದರು. ಎಣಿಸಿದಳು. ನಲವತ್ತೊಂದು.

ಬರೆಯುವ ಕೈ ಒಂದೇ ಮಾತನ್ನು ನಲವತ್ತೊಂದು ಸಲ ಒಂದಿಷ್ಟೂ ಆಚೀಚೆ ಆಗದೆ ಬರೆಯುವುದಿಲ್ಲ. ಅದು ಯಂತ್ರದ ಕೆಲಸ. ಅನುಮಾನವಿದ್ದರೆ ಒಂಬತ್ತನೇ ಅಧ್ಯಾಯ ಇತ್ತಲ್ಲ. ಗಡಿಯಾರ ರಿಪೇರಿಯವನೊಬ್ಬ ತನ್ನ ತಂಗಿಗೆ ಮೋಸ ಮಾಡಿ ಮನೆ ಬರೆಸಿಕೊಂಡ ಕೇಸು, ಪೇಪರಿನಲ್ಲೆಲ್ಲ ಬಂದಿತ್ತು. ಪುಸ್ತಕದಲ್ಲಿ ಅವನಿಗೂ ತಂಗಿಯಿಲ್ಲ. ‘ಗಡಿಯಾರದವನ ಮೇಲೆ ಮನೆಯವರೊಬ್ಬರು ದೂರು ಕೊಟ್ಟರು.’ ಯಾರೋ ಹೋಲ್‌ಸೇಲಾಗಿ ಗುಡಿಸುವಾಗ ಆ ಬಡಪಾಯಿ ಹೆಂಗಸೂ ಪೊರಕೆಗೆ ಸಿಕ್ಕಿಹೋಗಿದ್ದಳು.

ಸೂಚಿಯಕ್ಕನಿಗೆ ಆ ಪೊರಕೆ ಗೊತ್ತಿತ್ತು. ನಿವೃತ್ತಿಯಾದ ಮೇಲೆ ಅಕ್ಕನ ಕಣ್ಣು ಮತ್ತೆ ಮಂಜಾಗತೊಡಗಿದಾಗ, ಬೆರಳುದ್ದದ ಅಕ್ಷರ ಕಾಣುವ ಹಾಗೆ ಇದೇ ಎಡಿಟರನ್ನು ಅಕ್ಕನ ಕಂಪ್ಯೂಟರಿಗೆ ಹಾಕಿಕೊಟ್ಟವಳು ಇವಳೇ. ದಪ್ಪ ಪೆನ್ನಿನಲ್ಲಿ ಒಂದು ಚೀಟಿಯನ್ನೂ ಬರೆದು ಗೋಡೆಗೆ ಅಂಟಿಸಿದ್ದಳು: ‘ಪದ ಬದಲಿಸುವಾಗ ಸಿಕ್ಕಸಿಕ್ಕಲ್ಲಿ ನಿಲ್ಲಿಸಿ ಕೇಳುತ್ತದೆ. ಹೌದು ಅಂದರೆ ಬದಲಿಸುತ್ತದೆ, ಬೇಡ ಅಂದರೆ ಬಿಡುತ್ತದೆ. ಕೇಳದೆ ಎಲ್ಲವನ್ನೂ ಬದಲಿಸಲು ಆಶ್ಚರ್ಯಸೂಚಕ ಒತ್ತು.’ ಏಳು ಕಡೆ ಅಕ್ಕ ನಿಂತಿದ್ದಳು, ಯೋಚಿಸಿ ಬೇರೆ ಬೇರೆ ಮಾತು ಹಾಕಿದ್ದಳು. ಐವತ್ತೆಂಟನೇ ಪುಟದಲ್ಲಿ ಆಶ್ಚರ್ಯಸೂಚಕ ಒತ್ತಿದ್ದಳು.

ಚೀಟಿಯಲ್ಲಿ ಒಂದು ಸಂಗತಿಯನ್ನು ಮಾತ್ರ ಇವಳು ಬರೆದಿರಲಿಲ್ಲ. ಫೈಲನ್ನು ತಿದ್ದಿ ಉಳಿಸಿದಾಗ ಆ ಎಡಿಟರ್ ತಿದ್ದುವ ಮೊದಲಿನ ಪ್ರತಿಯನ್ನು, ಹೆಸರಿಗೊಂದು ಬಾಲ ಅಂಟಿಸಿ, ಅದೇ ಜಾಗದಲ್ಲಿ ಇಟ್ಟುಕೊಂಡಿರುತ್ತದೆ. ಜಡ್ಜಮ್ಮ ಕಳಿಸಿದ ಪೆನ್‌ಡ್ರೈವಿನಲ್ಲಿ ಆ ಬಾಲದ ಫೈಲೂ ಬಂದು ಕೂತಿತ್ತು. ತೆರೆದಳು. ‘ತಂಗಿ’ ಎಂದು ಕೊಟ್ಟಳು. ನಲವತ್ತೊಂಬತ್ತು! ಐದು ಗಡಿಯಾರದವನ ತಂಗಿ. ನಲವತ್ತನಾಲ್ಕು ಇವಳು. ‘ನನ್ನ ತಂಗಿ ಶಾಲೆ ಬಿಟ್ಟಳು.’ ‘ನನ್ನ ತಂಗಿಯ ಗಂಟಲು ಕಟ್ಟಿದ ದಿನ ನಾನು ಅವಳ ಮೇಲೆ ರೇಗಿದೆ.’ ಅಕ್ಕ ಬರೆದಿದ್ದಳು, ಎಲ್ಲವನ್ನೂ ಬರೆದಿದ್ದಳು. ನೂರ ಹನ್ನೆರಡನೇ ಪುಟಕ್ಕೆ ಬಂದಳು. ಅಚ್ಚಿಗೆ ಹೋಗುವ ಫೈಲಿನಲ್ಲಿ, ‘ಐದನೆಯ ಪ್ರಶ್ನೆಗೆ ನಾನು ಹೇಳಿ ಬರೆಸಿದ ಉತ್ತರ ಇವತ್ತಿಗೂ ಬಾಯಿಪಾಠ’ ಎಂದಿತ್ತು. ಬಾಲದ ಫೈಲಿನಲ್ಲಿ ಅದೇ ಜಾಗದಲ್ಲಿ ಹೀಗಿತ್ತು: ‘ಐದನೆಯ ಉತ್ತರ ನನ್ನ ತಂಗಿಯದು. ನಾನು ಬಿಟ್ಟುಬಿಡು ಎಂದಿದ್ದೆ. ಪೆನ್ನಿನ ಸದ್ದು ನಿಲ್ಲಲಿಲ್ಲ. ನಾನು ಕೇಳಿಸಿಕೊಂಡು ಕೂತಿದ್ದೆ, ಬೇಡ ಎನ್ನಲಿಲ್ಲ.’

ಕೇಳಿಸಿಕೊಂಡಿದ್ದಳು. ನಲವತ್ತನಾಲ್ಕು ವರ್ಷ ಗೊತ್ತಿತ್ತು.

ಬರೆಯದೇ ಇದ್ದಿದ್ದರೆ ಮರೆತಳು ಎಂದು ಕ್ಷಮಿಸಬಹುದಿತ್ತು. ಬರೆದು ಅಳಿಸಿದವಳನ್ನು ಏನು ಮಾಡುವುದು? ಕೆಳಗೆ ಮಷೀನು ಶುರುವಾಯಿತು, ನೆಲ ಗಡಗಡ ಅಂದಿತು. ಯಜಮಾನರು ಚಹಾ ಹಿಡಿದು ಮೇಲೆ ಬಂದವರು ಅವಳ ಮುಖ ನೋಡಿ, “ಬಿಡಿ ಸೂಚಿಯಕ್ಕ, ಅವರ ಪುಸ್ತಕ, ಅವರಿಷ್ಟ. ನಮಗ್ಯಾಕೆ ಊರ ಉಸಾಬರಿ” ಎಂದರು.

“ಪುಸ್ತಕ ಅವಳದ್ದೇ. ಸೂಚಿ ನಂದು” ಎಂದಳು.

ಪುಸ್ತಕದ ಒಂದಕ್ಷರವನ್ನೂ ಅವಳು ಮುಟ್ಟಲಿಲ್ಲ. ಸೂಚಿಯಲ್ಲಿ ‘ತ’ಕ್ಕೆ ಹೋಗಿ ಒಂದು ನಮೂದು ಸೇರಿಸಿದಳು: ‘ತಂಗಿ, ಲೇಖಕಿಯ.’ ಅದರ ಕೆಳಗೆ: ಶಾಲೆ ಬಿಟ್ಟದ್ದು, ಓದಿ ಹೇಳಿದ್ದು, ಆಸ್ಪತ್ರೆಗೆ ಕರೆದೊಯ್ದದ್ದು, ಪರೀಕ್ಷೆಯಲ್ಲಿ ಬರೆದದ್ದು. ಕೊನೆಗೆ, ‘ಐದನೆಯ ಉತ್ತರ, 112.’ ಆ ಪುಟಗಳಲ್ಲಿ ಅವಳು ಇದ್ದಳು. ಇದ್ದವಳು ಇಲ್ಲಿದ್ದಾಳೆ ಎಂದು ತೋರಿಸುವುದು ಸೂಚಿಯ ಕೆಲಸ. ಸುಳ್ಳು ಹೇಳುವುದು ಅದರ ಕೆಲಸವಲ್ಲ.

ಮಾರನೆಯ ದಿನ ಗುರುವಾರ. ಗುರುವಾರ ಅಂದರೆ ಅಕ್ಕನ ಮನೆಗೆ ಹೋಗಿ ಓದಿ ಹೇಳುವ ದಿನ. ಹೌದು, ಈ ವಯಸ್ಸಿನಲ್ಲೂ. ಪತ್ರ, ಪೇಪರು, ಇವತ್ತು ಈ ಸೂಚಿ.

“ಎಷ್ಟೊತ್ತು ಪುಟ್ಟಿ?”

“ಬಸ್ಸು ಲೇಟು.”

“ನಿಂಗೆ ಬಸ್ಸು ಯಾವಾಗ್ಲೂ ಲೇಟೇ. ಕೂತ್ಕೋ. ಸೂಚಿ ತಂದ್ಯಾ? ಓದು. ನನ್ನ ಪುಸ್ತಕದಲ್ಲಿ ನಾನು ಕೇಳ್ದೇ ಒಂದಕ್ಷರಾನೂ ಅಚ್ಚಾಗಬಾರ್ದು.”

ಗೋಡೆ ತುಂಬ ಕಾನೂನು ಪುಸ್ತಕಗಳು, ಮೇಜಿನ ಮೇಲೆ ಭೂತಗನ್ನಡಿ ಜೋಡಿಸಿದ ದೀಪ, ಕಂಪ್ಯೂಟರಿನ ಪಕ್ಕ ಇವಳದೇ ಕೈಬರಹದ ಚೀಟಿ. ಸೂಚಿಯಕ್ಕ ಹಾಳೆಗಳನ್ನು ಮಡಿಲಲ್ಲಿಟ್ಟುಕೊಂಡಳು, ಬಿಡಿಸಲಿಲ್ಲ.

“ಅಕ್ಕಾ, ಗಡಿಯಾರದವನ ಮೇಲೆ ದೂರು ಕೊಟ್ಟಿದ್ದು ಯಾರು?”

“ಅವನ ತಂಗಿ. ಯಾಕೆ?”

“ಪುಸ್ತಕದಲ್ಲಿ ಮನೆಯವರೊಬ್ಬರು ಅಂತಿದೆ.”

ಜಡ್ಜಮ್ಮ ಕುರ್ಚಿಯ ಕೈಯನ್ನು ಒಮ್ಮೆ ಸವರಿದಳು. “ತಪ್ಪಾಗಿದೆ. ಸರಿ ಮಾಡು.”

“ಅದೊಂದನ್ನೇ ಸರಿ ಮಾಡ್ಲಾ, ಎಲ್ಲಾನೂ ಮಾಡ್ಲಾ?”

ಬೀದಿಯಲ್ಲಿ ಯಾವುದೋ ಗಾಡಿ ಹಿಂದಕ್ಕೆ ಬರುತ್ತಾ ಪೀಂ ಪೀಂ ಅನ್ನುತ್ತಿತ್ತು. ಅಕ್ಕ ಕೈಚಾಚಿ ಕಿಟಕಿ ಮುಚ್ಚಿದಳು.

“ಅದೊಂದನ್ನೇ.”

“ಅಂದ್ರೆ ಗಡಿಯಾರದವನಿಗೆ ತಂಗಿ ಇರ್ಬಹುದು, ನಿಂಗಿರಬಾರ್ದು.”

“ಪುಟ್ಟಿ, ನಿಂಗೆ ಗೊತ್ತಾಗಲ್ಲ. ನಾನು ಜೈಲಿಗೆ ಕಳಿಸಿದವರು ಇನ್ನೂ ಬದುಕಿದಾರೆ, ಅವರ ವಕೀಲರೂ ಬದುಕಿದಾರೆ. ಪರೀಕ್ಷೆ ಬರೆದೋಳು ತಂಗಿ ಅಂತ ಒಂದು ಸಾಲು ಸಿಗ್ಲಿ ಸಾಕು, ಇಪ್ಪತ್ತೆಂಟು ವರ್ಷದ ತೀರ್ಪೆಲ್ಲಾ ಬರೆದೋಳು ಯಾರು ಅಂತ ಶುರು ಹಚ್ಕೋತಾರೆ.”

“ಹಾಗಾದ್ರೆ ಪರೀಕ್ಷೆ ಮಾತ್ರ ತೆಗೀಬೇಕಿತ್ತು. ಜಡೆ ಹಾಕಿದ್ದಕ್ಕೆ ಯಾವ ವಕೀಲ ಕೇಸ್ ಹಾಕ್ತಾನೆ?”

“ಒಂದು ಕಡೆ ಸಿಕ್ರೆ ಅದನ್ನೇ ಹಿಡ್ಕೊಂಡು ಎಲ್ಲಾ ಕಡೆ ಹುಡುಕ್ತಾರೆ. ನೀನೇ ಹೇಳ್ಕೊಟ್ಟಿದ್ದಲ್ವಾ ಆ ವಿದ್ಯೆ.”

ಗುರುವಿಗೇ ತಿರುಮಂತ್ರ.

“ಏಳು ಕಡೆ ಕೈಯಲ್ಲೇ ತಿದ್ದಿದ್ದೀಯ” ಎಂದಳು ಸೂಚಿಯಕ್ಕ. “ಎಂಟನೇದಕ್ಕೆ ಯಾಕೆ ಬಿಟ್ಟೆ?”

“ಏಳಾ?” ಅಕ್ಕ ನಿಜಕ್ಕೂ ನೆನಪಿಸಿಕೊಳ್ಳುವಂತೆ ತಲೆ ವಾಲಿಸಿದಳು. “ಕಣ್ಣು ನೋಯ್ತಿತ್ತು ಪುಟ್ಟಿ. ಅದಕ್ಕೇ ಎಲ್ಲಾ ಒಟ್ಟಿಗೆ ಒತ್ಬಿಟ್ಟೆ.”

ಬೇವಿನಕಾಯಿ ಅಗಿದ ಹಾಗಾಯಿತು. ಪಶ್ಚಾತ್ತಾಪ ಅಂದಿದ್ದರೆ ಅಳಬಹುದಿತ್ತು, ಅಹಂಕಾರ ಅಂದಿದ್ದರೆ ಎದ್ದುಹೋಗಬಹುದಿತ್ತು. ಕಣ್ಣು ನೋಯುತ್ತಿತ್ತಂತೆ. ಆ ಕಣ್ಣಿಗೆ ಹನಿ ಹಾಕುತ್ತಿದ್ದ ಕೈಗೆ ಏನು ಹೇಳುವುದು? ಬಾಲದ ಫೈಲಿನ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡಳು. ಹೇಳಿದರೆ ಅಕ್ಕ ಅದನ್ನೂ ಅಳಿಸು ಅನ್ನುತ್ತಾಳೆ, ತಾನು ಅಳಿಸಿಬಿಡುತ್ತೇನೆ. ಅಭ್ಯಾಸ ಅಂಥದ್ದು.

“ಓದ್ತೀಯೋ ಇಲ್ವೋ?”

ಓದಿದಳು. ಅಪೀಲು, ಆಸ್ಪತ್ರೆ, ಇಸ್ತ್ರಿಯವನ ಸಾಕ್ಷಿ. ಪ್ರತಿ ನಮೂದಿಗೂ ಅಕ್ಕ “ಹೂಂ” ಅನ್ನುತ್ತಿದ್ದಳು, ನಡುವೆ “ಅದು ಇನ್ನೂರ ಆರಲ್ಲ, ಇನ್ನೂರ ಏಳು ನೋಡು” ಅನ್ನುತ್ತಿದ್ದಳು. ನೋಡಿದರೆ ಇನ್ನೂರ ಆರೇ. “ಸರಿ ಸರಿ, ಜಡ್ಜಿಗೆ ಎದುರಾಡ್ಬೇಡ” ಎಂದು ಅಕ್ಕ ನಕ್ಕಳು, ಇವಳಿಗೂ ತುಟಿ ಅರಳಿಬಿಟ್ಟಿತು, ಅದಕ್ಕೆ ತನ್ನ ಮೇಲೆ ತನಗೇ ಅಸಹ್ಯವಾಯಿತು. ಕಕ್ಷಿದಾರರು, ಗಡಿಯಾರದವನು, ಚುನಾವಣಾ ತಕರಾರು, ಜಾಮೀನು, ಟೈಪಿಸ್ಟರು. ಗಂಟಲು ಒಣಗಿತು. ಅಕ್ಕನೇ ತಡವರಿಸಿಕೊಂಡು ಎದ್ದು, ಹೂಜಿಯಿಂದ ನೀರು ಬಗ್ಗಿಸಿ, ಲೋಟದ ಅಂಚಿಗೆ ಬೆರಳಿಟ್ಟು ತುಂಬಿತಾ ಎಂದು ನೋಡಿ, ತಂದುಕೊಟ್ಟಳು. ಕುಡಿದು ಮತ್ತೆ ಓದಿದಳು. “ಡಾಕ್ಟರು, ಕಣ್ಣಿನ: ಹದಿಮೂರು, ಇಪ್ಪತ್ತೊಂದು, ಮೂವತ್ತು.”

ಮುಂದಿನ ಹಾಳೆಯ ಮೊದಲ ಸಾಲು ಅವಳ ಹೆಬ್ಬೆರಳಿನ ಕೆಳಗಿತ್ತು.

“ಸಾಕು ಇವತ್ತಿಗೆ. ತಲೆ ಸಿಡೀತಿದೆ” ಎಂದು ಅಕ್ಕ ಕಣ್ಣು ಮುಚ್ಚಿದಳು. “ಮುಂದೆ ಏನು?”

“ತ.”

“ಬಹಳ ಇದೆಯಾ ಅದ್ರಲ್ಲಿ?”

“ಇದೆ.”

“ಅಚ್ಚಿಗೆ ಹೋಗೋದು ಯಾವಾಗ?”

“ಇನ್ನೂ ಹತ್ತು ದಿನ ಇದೆ. ನೀನು ಪೂರ್ತಿ ಕೇಳ್ದೇ ಕಳಿಸಲ್ಲ ಅಂದಿದಾರೆ ಯಜಮಾನ್ರು.”

“ಮತ್ತೆ? ನಾನು ಕೇಳ್ದೇ ಹೇಗೆ ಕಳಿಸ್ತಾರೆ. ಮುಂದಿನ ಗುರುವಾರ ‘ತ’ದಿಂದ ಓದು, ಒಂದೂ ಬಿಡ್ಬೇಡ. ಬೇಗ ಬಾ, ಬಸ್ಸು ಗಿಸ್ಸು ಅಂತ ನೆಪ ಹೇಳ್ಬೇಡ.”

ಸೂಚಿಯಕ್ಕ ಹಾಳೆಗಳನ್ನು ಚೀಲಕ್ಕೆ ಹಾಕಿ, ಚಪ್ಪಲಿ ಮೆಟ್ಟಿ, ಬಾಗಿಲ ಬಳಿ ನಿಂತಳು.

“ಒಂದೂ ಬಿಡಲ್ಲ ಅಕ್ಕಾ. ಮುಂದಿನ ಗುರುವಾರ ಹತ್ತು ಗಂಟೆಗೇ ಬಂದಿರ್ತೀನಿ.”